ಕರೂರು ಮತಗಟ್ಟೆಯ ಏಜೆಂಟ್

ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಯಾಗಿದ್ದಾಗ ಆಕೆ ಸುದ್ದಿಗೋಷ್ಠಿಗಳಲ್ಲಿ ಹೆಚ್ಚು ಮಾತಾಡುತ್ತಿರಲಿಲ್ಲ. ಸಿಕ್ಕಿಬಿದ್ದ ಕಳವಿನ ಬೈಕುಗಳನ್ನು ಸಾಲಾಗಿ ನಿಲ್ಲಿಸಿ, ವಿವರ ಓದಿ, ಪ್ರಶ್ನೆ ಕೇಳಿದರೆ ‘ತನಿಖೆ ನಡೆದಿದೆ’ ಎಂದು ಎದ್ದುಬಿಡುತ್ತಿದ್ದರು. ಆಮೇಲೆ ಬಡ್ತಿ ಪಡೆದು ಬೆಂಗಳೂರಿಗೆ ಹೋದರು. ಸ್ವಯಂ ನಿವೃತ್ತಿ ತೆಗೆದುಕೊಂಡು ಲೋಕಸಭೆ ಚುನಾವಣೆಗೆ ನಿಲ್ಲಲು ಬಳ್ಳಾರಿಗೆ ಮರಳಿದ ದಿನ, ರಾಜಕೀಯಕ್ಕೆ ಯಾಕೆ ಬಂದಿರಿ ಎಂದು ಕೇಳಿದೆ.

‘ಎಲ್ಲ ನಡೆದುಹೋದ ಮೇಲೆ ಪೊಲೀಸರ ಕೆಲಸ ಶುರುವಾಗುತ್ತದೆ. ಸ್ವಲ್ಪ ಮೊದಲೇ ಹೋಗೋಣ ಅಂತ.’

ಆಕೆ ನನಗೆ ಕೊಟ್ಟ ಅತಿ ಉದ್ದದ ಉತ್ತರ ಅದು.

ಪತ್ರಿಕೆಯಲ್ಲಿ ಆಕೆಯ ಪ್ರಚಾರದ ವರದಿ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಪಾರ್ವತಿನಗರದ ಮನೆಯಿಂದ ಬೈಕ್ ಹತ್ತಿದರೆ ದಿನವಿಡೀ ಆಕೆಯ ಕಾರಿನ ಹಿಂದೆ. ಕುರುಗೋಡಿನ ಮೊದಲ ಸಭೆಯಲ್ಲಿ ಭಾಷಣಕ್ಕೆ ಮುಂಚೆ, ರಸ್ತೆಗೆ ಅಡ್ಡ ನಿಂತಿದ್ದ ತಮ್ಮದೇ ಪ್ರಚಾರದ ಜೀಪನ್ನು ತೆಗೆಸಿದರು. ಜನ ಚಪ್ಪಾಳೆ ತಟ್ಟಿದ್ದು ಅದಕ್ಕೆ. ಭಾಷಣವನ್ನು ಸುಮ್ಮನೆ ಕೇಳಿದರು.

ಸಿರುಗುಪ್ಪ ತಾಲೂಕಿನ ಕರೂರಿನಲ್ಲಿ ಪಕ್ಷದ ಮುಖಂಡರೊಬ್ಬರು, ‘ಈ ಊರಾಗ ಕೆಲಸ ಆಗಬೇಕಂದ್ರ ಇವನಾ ಬೇಕ್ರಿ ಮೇಡಂ’ ಎಂದು ದಪ್ಪ ಮೀಸೆಯ ರೈತನೊಬ್ಬನನ್ನು ಮುಂದಕ್ಕೆ ತಂದರು.

‘ಗುರುತು ಸಿಕ್ತೇನ್ರಿ?’ ಎಂದ ಆತ.

‘ಸಿಕ್ಕಿತು. ಕಾಲುವೆ ತೂಬಿನ ಬೀಗ.’

ಆತ ಜನರ ಕಡೆ ತಿರುಗಿದ. ‘ನೋಡ್ರಲೇ, ಇನ್ನಾ ನೆನಪೈತಿ!’

ಕೊನೆಯ ಗದ್ದೆಗಳಿಗೆ ನೀರು ಬಾರದ ಒಂದು ವರ್ಷ ಆತ ತೂಬಿನ ಬೀಗ ಒಡೆದು, ಕಾವಲಿಗಿದ್ದವರ ಜೊತೆ ಕೈಕೈ ಮಿಲಾಯಿಸಿದ್ದ. ಅದಕ್ಕೂ ಮುಂಚಿನ ಜಗಳಗಳೂ ಇದ್ದವು. ಆತನ ಹೆಸರಿನಲ್ಲಿ ರೌಡಿಶೀಟ್ ತೆರೆಸಿದ್ದು ಆಗ ಎಸ್‌ಪಿಯಾಗಿದ್ದ ಈಕೆಯೇ. ಅಂದಿನಿಂದ ದೊಡ್ಡ ಹಬ್ಬ ಬಂದರೂ ಚುನಾವಣೆ ಬಂದರೂ ಆತನಿಗೆ ಠಾಣೆಯಿಂದ ಕರೆ.

‘ಇವರ ಹಬ್ಬದ ಊಟ ಸ್ಟೇಷನ್ನಿಗಾ ಡಬ್ಬಿ ಕಟ್ಟತೀನ್ರಿ’ ಎಂದಳು ಆತನ ಹೆಂಡತಿ. ‘ಪೊಲೀಸ್ರು ಸೈತ ನನ್ ಹೋಳಿಗಿ ರುಚಿ ಹೇಳ್ತಾರ.’

ಶೀಟ್ ತೆಗೆಸಿಕೊಡಿ ಎಂದು ಆತ ಕೇಳಿದ. ಈಗಿನ ಎಸ್‌ಪಿಗೆ ಅರ್ಜಿ ಕೊಡಬೇಕು ಎಂದರು ಆಕೆ.

‘ತೆರೆದವ್ರು ನೀವಾ ಅಲ್ರಿ?’

‘ಆಗ ನಾನು ಎಸ್‌ಪಿ.’

ಆತ ಆ ಮಾತನ್ನು ಬಿಟ್ಟು ಇನ್ನೊಂದನ್ನು ಹಿಡಿದ. ‘ಹಂಗಾರ ನಮ್ಮೂರ ಸಾಲ್ಯಾಗ ನಿಮ್ಮ ಏಜೆಂಟಾಗಿ ನಾ ಕೂಡ್ರತೀನ್ರಿ. ಊರಿಗೂರು ನನ್ ಮುಂದ ಹಾದು ಓಟ್ ಹಾಕಬೇಕು. ಇವ ಸ್ಟೇಷನ್ ಬೆಂಚಿನ ಮ್ಯಾಲ ಕೂಡ್ರಾಂವ ಅನ್ನೂದನ್ನ ಮಂದಿ ಮರೀಬೇಕು.’

ಆಕೆ ಸ್ವಲ್ಪ ಯೋಚಿಸಿದರು. ‘ಶಿಕ್ಷೆ ಆಗಿಲ್ಲ. ಏಜೆಂಟ್ ಆಗಬಹುದು.’

ಅಷ್ಟು ದಿನದ ಪ್ರಚಾರದಲ್ಲಿ ಆಕೆಯ ಬಾಯಿಂದ ನಾನು ಕೇಳಿದ ಏಕೈಕ ಭರವಸೆ ಅದು.

ಮತದಾನದ ಬೆಳಿಗ್ಗೆ ಕರೂರು ಶಾಲೆಯ ಕೋಣೆಯಲ್ಲಿ ಎದುರಾಳಿಗಳ ಏಜೆಂಟರು ಕುಳಿತಿದ್ದರು. ಆತನ ಕುರ್ಚಿ ಖಾಲಿ. ಹೆಂಡತಿ ಗೇಟಿನ ಹೊರಗೆ ನಿಂತಿದ್ದಳು.

‘ನಸಿಕಿನ್ಯಾಗ ಬಂದು ಕರ್ಕೊಂಡು ಹೋದ್ರು. ಕೊಳ್ಳಾಗ ಏಜೆಂಟ್ ಪಾಸ್ ಹಾಕ್ಕೊಂಡಾ ಜೀಪ್ ಹತ್ಯಾನ್ರಿ.’

ಅಷ್ಟರಲ್ಲಿ ಮತಗಟ್ಟೆ ನೋಡಲು ಬಂದ ಅಭ್ಯರ್ಥಿ ಇದನ್ನು ಕೇಳಿದರು. ಕಾರು ಠಾಣೆಯ ಕಡೆ ತಿರುಗಿತು. ಹಿಂದೆ ನಾನು.

ಠಾಣೆಯ ಇನ್‌ಸ್ಪೆಕ್ಟರ್ ಹಿಂದೆ ಆಕೆಯ ಕೈಕೆಳಗೆ ಕೆಲಸ ಮಾಡಿದವರು. ಎದ್ದು ನಿಂತರು. ಬಲಗೈ ಹಣೆಯ ತನಕ ಏರಿ, ಎದುರಿಗಿರುವವರು ಈಗ ಅಭ್ಯರ್ಥಿ ಎಂಬುದು ನೆನಪಾಗಿ, ಟೋಪಿ ಸರಿಮಾಡಿ ಇಳಿಯಿತು.

‘ರೌಡಿಶೀಟ್ ಇದ್ದವ್ರು ಮತದಾನ ಮುಗಿಯೂತನ ಠಾಣ್ಯಾಗ ಇರಬೇಕಂತ ಆದೇಶ ಐತ್ರಿ ಮೇಡಂ. ಓಟ್ ಹಾಕಾಕ ನಾವಾ ಕರ್ಕೊಂಡು ಹೋಗಿ ಬರ್ತೀವಿ.’

‘ಯಾರ ಆದೇಶ?’

ಇನ್‌ಸ್ಪೆಕ್ಟರ್ ಒಮ್ಮೆ ನನ್ನ ಕಡೆ ನೋಡಿದರು. ‘ತಮ್ಮದಾ ಆದೇಶ ರೀ. ಆಮ್ಯಾಲ ಬಂದವ್ರು ಯಾರೂ ಬದಲ್ ಮಾಡಿಲ್ಲ.’

ಬೆಂಚಿನ ಮೇಲಿದ್ದವರಲ್ಲೊಬ್ಬ ನಕ್ಕ. ‘ನಗಬ್ಯಾಡಲೇ’ ಎಂದು ಕರೂರಿನವ ಗದರಿದ. ಪಾಸು ಇನ್ನೂ ಕೊರಳಲ್ಲಿತ್ತು. ‘ಮೇಡಂ, ಒಂದ್ ಫೋನ್ ಹಚ್ರಿ. ಈಗಿನ ಸಾಹೇಬ್ರು ನಿಮ್ಮ ಕೈಯಾಗ ತಯಾರಾದವ್ರಂತ.’

ಆಕೆ ಫೋನ್ ತೆಗೆದರು. ಅಭ್ಯರ್ಥಿ ಹೇಳಿದರೆಂದು ಎಸ್‌ಪಿ ರೌಡಿಶೀಟಿನವನನ್ನು ಬಿಡುಗಡೆ ಮಾಡಿದರೆ ಅದು ಸುದ್ದಿ. ನಾನು ಬರೆಯುವವನಿದ್ದೆ. ಆಕೆ ಕರೆ ಮಾಡಿದ್ದು ಪಕ್ಷದ ಮುಖಂಡರಿಗೆ.

‘ಕುಡತಿನಿಗೆ, ಬಳ್ಳಾರಿಗೆ ನೀವೇ ಹೋಗಿ ಬನ್ನಿ. ನಾನು ಕರೂರಿನಲ್ಲಿ ಕೂರುತ್ತೇನೆ.’

‘ಮೇಡಂ, ಒಂದು ಬೂತಿನ ಸಲುವಾಗಿ...’ ಎಂಬುದು ನನಗೂ ಕೇಳಿಸಿತು.

‘ಹೌದು, ಒಂದು ಬೂತ್.’ ಫೋನ್ ಇಟ್ಟು ಆತನಿಗೆ ಹೇಳಿದರು: ‘ಆದೇಶ ಸರಿಯಾಗಿದೆ. ನಿಮಗೆ ಮಾತು ಕೊಡುವಾಗ ನನಗೆ ಅದು ನೆನಪಿರಬೇಕಿತ್ತು. ಕುರ್ಚಿ ಖಾಲಿ ಇರುವುದಿಲ್ಲ.’

‘ಖಾಲಿ ಇರೂದು ಬ್ಯಾರೆ ಮಾತ್ರಿ. ನಾ ಕೂಡ್ರಬೇಕಿತ್ತು.’

ಆಕೆ ಕಾರು ಹತ್ತಿ ಕರೂರಿಗೆ ಮರಳಿದರು.

ಅಭ್ಯರ್ಥಿ ಮತಗಟ್ಟೆಯಲ್ಲಿ ಕುಳಿತುಕೊಳ್ಳಬಹುದೇ ಎಂದು ಮತಗಟ್ಟೆ ಅಧಿಕಾರಿ ಕೈಪಿಡಿ ತಿರುವಿದರು. ಕುಳಿತುಕೊಳ್ಳಬಹುದಿತ್ತು. ಆಕೆ ಆತನ ಕುರ್ಚಿಯಲ್ಲಿ ಕುಳಿತು, ಓದಿ ಹೇಳಿದ ಹೆಸರುಗಳಿಗೆಲ್ಲ ಮತದಾರರ ಪಟ್ಟಿಯಲ್ಲಿ ಗೆರೆ ಎಳೆಯತೊಡಗಿದರು. ಪಕ್ಕದ ಏಜೆಂಟ್ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ಹೊರಗೆ ಕಾರಿನಲ್ಲಿ ಬಿಟ್ಟುಬಂದಿದ್ದ ಫೋನ್ ಬಡಿದುಕೊಳ್ಳುತ್ತಲೇ ಇತ್ತು. ನಾನು ವರಾಂಡದಲ್ಲಿ ನಿಂತಿದ್ದೆ.

ಬಿಸಿಲು ಏರಿದಾಗ ಜೀಪು ಬಂತು. ಆತ ಕಾನ್‌ಸ್ಟೆಬಲ್ ಜೊತೆ ಇಳಿದ. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ‘ಪಾಳಿ ಪ್ರಕಾರ ಬರ್ತೀನ್ರಪಾ’ ಎಂದು ಹಿಂದೆ ಹೋಗಿ ನಿಂತ. ಒಳಗೆ ಬಂದು, ಬೆರಳಿಗೆ ಶಾಯಿ ಹಾಕಿಸಿಕೊಂಡು, ಓಟು ಹಾಕಿ, ಆಕೆಯ ಕುರ್ಚಿಯ ಹತ್ತಿರ ಬಂದು ನಿಂತ.

‘ಕಾಲುವಿ ಕಡಿ ಓಣಿ ಹೆಣ್ಮಕ್ಳು ಕೂಲಿ ಮುಗಿಸಿ ಕಡೀಕ ಬರ್ತಾರ್ರಿ. ಅಲ್ಲೀತನ ಏಳಬ್ಯಾಡ್ರಿ.’

‘ಏಳುವುದಿಲ್ಲ.’

ಮತಗಟ್ಟೆ ಅಧಿಕಾರಿ, ಇಲ್ಲಿ ಮಾತಾಡುವಂತಿಲ್ಲ ಎಂದರು. ಆತ ಅವರ ಕಡೆ ತಿರುಗಿದ.

‘ಆಯ್ತ್ರಿ. ಆ ಫ್ಯಾನ್ ಒಂದೀಟು ಈಕಡಿ ತಿರುಗಸ್ರಿ. ನಮ್ಮ ಏಜೆಂಟ್ರಿಗೆ ಗಾಳಿ ಬರವಲ್ದು.’

ಅಧಿಕಾರಿ ಎದ್ದು ಫ್ಯಾನ್ ತಿರುಗಿಸಿದರು. ಗಾಳಿ ಸರಿಯಾಗಿ ಬರುವ ತನಕ ಆತ ಅಲ್ಲೇ ನಿಂತಿದ್ದ. ಕಾನ್‌ಸ್ಟೆಬಲ್ ಬಾಗಿಲಲ್ಲಿ ಕಾಯುತ್ತಿದ್ದ.