ನಾನು ಔಟ್ ಆಫ್ ಸ್ಟೇಷನ್

ನಾನು ಊರು ಬಿಟ್ಟು ಹೋಗುವುದು ಕಡಿಮೆ. ಔಟ್ ಆಫ್ ಸ್ಟೇಷನ್ ಇರುವುದು ಜಾಸ್ತಿ. ಎರಡೂ ಒಂದೇ ಅಲ್ಲವೇ ಎನ್ನುವಿರಾದರೆ, ನೀವು ಬೆಂಗಳೂರಿನ ಪೀಣ್ಯದಲ್ಲಿ ಕೆಲಸ ಮಾಡಿದವರಲ್ಲ.

ಅಲ್ಲಿನ ಒಂದು ಸಣ್ಣ ಗೇರ್ ಫ್ಯಾಕ್ಟರಿಯ ಆಫೀಸು ನೋಡಿಕೊಳ್ಳುವವನು ನಾನು. ಮಾಲು ತಡವಾಗಿ ಗಿರಾಕಿ ಬಂದು ಕೂಗಾಡಿದರೆ, "ಓನರ್ ಔಟ್ ಆಫ್ ಸ್ಟೇಷನ್ ಸಾರ್" ಎನ್ನಬೇಕು. ಓನರ್ ಒಳಗಿನ ರೂಮಿನಲ್ಲಿ ಚಿತ್ರಾನ್ನ ತಿನ್ನುತ್ತಿರುತ್ತಾರೆ. ಒಗ್ಗರಣೆಯ ವಾಸನೆ ಗಿರಾಕಿಯ ಮೂಗಿಗೂ ಬಡಿಯುತ್ತದೆ. ಆದರೂ ಆತ ತಲೆಯಾಡಿಸಿ ಹೊರಡುತ್ತಾನೆ, ಏಕೆಂದರೆ ಅವನ ಆಫೀಸಿನಲ್ಲೂ ನನ್ನಂಥವನೊಬ್ಬ ಇದ್ದಾನೆ. ಅದೇ ಅಭ್ಯಾಸದಲ್ಲಿ ಬೇಡದ ಫೋನು ಬಂದಾಗ ನಾನೂ ಔಟ್ ಆಫ್ ಸ್ಟೇಷನ್ ಆಗಿಬಿಡುತ್ತೇನೆ.

ಬ್ರಿಟಿಷರ ಕಾಲದಲ್ಲಿ ಸಾಹೇಬನನ್ನು ಯಾವ ಊರಿಗೆ ಹಾಕಿದ್ದರೋ ಅದೇ ಅವನ ಸ್ಟೇಷನ್ನಂತೆ. ಗಡಿ ದಾಟಲು ಅಪ್ಪಣೆ ಬೇಕಿತ್ತಂತೆ. ಸಾಹೇಬ ಹೋದ, ಪದ ಉಳಿಯಿತು. ಬ್ಯಾಂಕಿನವರು ಅದನ್ನು ಪರವೂರಿನ ಚೆಕ್ಕಿಗೆ ಅಂಟಿಸಿದರು. ಟ್ಯಾಕ್ಸಿಯವರು "ಲೋಕಲ್ಲಾ, ಔಟ್‌ಸ್ಟೇಷನ್ನಾ?" ಎಂದು ಜಗತ್ತನ್ನೇ ಎರಡು ಭಾಗ ಮಾಡಿಟ್ಟರು. ನಮ್ಮ ನಾಗಸಂದ್ರದಿಂದ ತಾತ ಬೆಂಗಳೂರಿನ ಮಾರ್ಕೆಟ್ಟಿಗೆ ಹೋಗುವಾಗ ಬುತ್ತಿ ಕಟ್ಟಿಕೊಳ್ಳುತ್ತಿದ್ದರು. ಈಗ ಬೆಂಗಳೂರೇ ನಮ್ಮ ಜಗಲಿಯ ತನಕ ಬಂದು ಕೂತಿದೆ.

ಬೆಂಗಳೂರಿನ ಇನ್ನೊಂದು ತುದಿ ಎಲೆಕ್ಟ್ರಾನಿಕ್ ಸಿಟಿ. ಅಲ್ಲಿ ನಮ್ಮ ಸರೋಜಕ್ಕ ಇದ್ದಾಳೆ. ಗೌರಿ ಹಬ್ಬಕ್ಕೆ ತವರಿನಿಂದ ಅವಳಿಗೆ ಮೊರದ ಬಾಗಿನ ಕೊಡಬೇಕಾದವನು ನಾನೊಬ್ಬನೇ. ಕಳೆದ ಹಬ್ಬದಲ್ಲಿ ನನ್ನ ಹೆಂಡತಿ ಬಾಗಿನ ಜೋಡಿಸಿಟ್ಟು, "ಮರೀದೆ ಕೊಟ್ಟು ಬನ್ನಿ" ಎಂದು ತನ್ನ ತವರಿಗೆ ಹೋದಳು. ನಾನು ಮರೆಯಲಿಲ್ಲ, ಸೋಮಾರಿತನ ಬಂತು. ಬೆಳಿಗ್ಗೆ ಅಕ್ಕನಿಗೆ ಫೋನು ಮಾಡಿದೆ: "ಅಕ್ಕ, ನಾನು ಔಟ್ ಆಫ್ ಸ್ಟೇಷನ್."

"ಆಯ್ತು ಬಿಡೋ, ಹುಷಾರು," ಎಂದಳು. ಗಿರಾಕಿಗಳಷ್ಟೇ ಸುಲಭವಾಗಿ ಒಪ್ಪಿದಳಲ್ಲ ಎಂದು ಖುಷಿಯಾಯಿತು.

ಸಂಜೆ ಲುಂಗಿಯುಟ್ಟು, ಬಾಡಿಗೆಯವರು ಕೊಟ್ಟ ಹೋಳಿಗೆ ತಿನ್ನುತ್ತಾ ಜಗಲಿಯಲ್ಲಿ ಕೂತಿದ್ದೆ. ಗೇಟು ಸದ್ದಾಯಿತು. ಸರೋಜಕ್ಕ! ಮಂಡಿ ನೋವಿನ ಕಾಲು ಎಳೆದುಕೊಂಡು ಬಂದಿದ್ದಳು. ಕೈಯಲ್ಲಿ ಎಣ್ಣೆ ಸೀಸೆ, ಬತ್ತಿಯ ಪೊಟ್ಟಣ.

"ಮನೆಗೆ ಬೀಗ ಬಿದ್ದಿರುತ್ತೆ ಅಂದ್ಕೊಂಡೆ ಕಣೋ. ಹಬ್ಬದ ದಿನ ತವರುಮನೆ ಬಾಗಿಲು ಕತ್ತಲಾಗಿರಬಾರ್ದು. ಹೊಸಿಲಿಗೊಂದು ದೀಪ ಇಟ್ಟು ಹೋಗೋಣ ಅಂತ ಬಂದೆ. ನೀನು ಯಾವಾಗ ಬಂದೆ?"

"ಈಗ ತಾನೇ," ಎಂದೆ.

ಅವಳು ನನ್ನ ಲುಂಗಿ ನೋಡಿದಳು, ಅರ್ಧ ತಿಂದ ಹೋಳಿಗೆ ನೋಡಿದಳು. "ಪ್ರಯಾಣ ಮಾಡಿ ಸುಸ್ತಾಗಿರ್ತೀಯ, ಕೂತ್ಕೋ," ಎಂದು ತಾನೇ ದೀಪ ಹಚ್ಚಿದಳು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಉಳಿದ ಹೋಳಿಗೆ ಕೆಳಗಿಟ್ಟು ಎದ್ದೆ. ಒಳಗಿನಿಂದ ಬಾಗಿನ ತಂದೆ. ಅವಳು ಮುಟ್ಟಲಿಲ್ಲ. "ಅದು ತವರಿನಿಂದ ನನ್ನ ಮನೆಗೆ ಬರಬೇಕು ಕಣೋ. ನಾನೇ ಬಂದು ಎತ್ಕೊಂಡು ಹೋಗೋದಲ್ಲ."

ಕಾಲು ನೋವೆಂದು ರಾತ್ರಿ ನಮ್ಮಲ್ಲೇ ಉಳಿದಳು. ಬೆಳಿಗ್ಗೆ ನಾನು ಸ್ನಾನಕ್ಕಿಳಿದಾಗ ನನ್ನ ಫೋನು ಬಡಿದುಕೊಂಡಿತು. ಅಕ್ಕ ಎತ್ತಿದಳು. ಓನರ್ ಇರಬೇಕು, ಗಣೇಶನ ಹಬ್ಬದ ರಜೆಯ ದಿನವೂ ಬಿಡುವವರಲ್ಲ.

"ಅವನು ಔಟ್ ಆಫ್ ಸ್ಟೇಷನ್ ಸಾರ್," ಎಂದಳು ಅಕ್ಕ, ಬಚ್ಚಲ ಬಾಗಿಲಿಗೂ ಕೇಳುವಷ್ಟು ಗಟ್ಟಿಯಾಗಿ. "ಬಾಗಿನ ಕೊಡೋಕೆ ಅಕ್ಕನ ಮನೆಗೆ ಹೋಗಿದ್ದಾನೆ."

ಹನ್ನೊಂದು ಗಂಟೆಯ ಹೊತ್ತಿಗೆ ನಾವಿಬ್ಬರೂ ಮೆಟ್ರೋದಲ್ಲಿದ್ದೆವು. ಮೊರ ನನ್ನ ತೊಡೆಯ ಮೇಲಿತ್ತು. ಇಷ್ಟು ವರ್ಷದಲ್ಲಿ ಔಟ್ ಆಫ್ ಸ್ಟೇಷನ್ ಎಂಬ ಮಾತು ನನ್ನ ಮಟ್ಟಿಗೆ ನಿಜವಾದದ್ದು ಅದೇ ಮೊದಲು.