ಜುಮ್ಮೆನ್ನುವ ಬೆರಳುಗಳನ್ನು ಮುಚ್ಚಿಟ್ಟದ್ದು

ನಾನು ಧಾರವಾಡದ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದೆ. ಯಜಮಾನರಿಗೆ ಹುಬ್ಬಳ್ಳಿಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಅವರ ಬೆನ್ನುನೋವಿನ ಮೂಲ ಅಸ್ಥಿಮಜ್ಜೆಯ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ವಾರಕ್ಕೆರಡು ಇಂಜೆಕ್ಷನ್ ಶುರುವಾಯಿತು.

"ಈ ಸೂಜಿ ಒಳಗ ಹೋಗಿ ಏನ್ ಮಾಡ್ತದ? ನೀ ಮಾಸ್ತರಣಿ, ಹೇಳು," ಎಂದರು ಬಸ್ಸಿನಲ್ಲಿ.

ಹೇಳಿದೆ. ಜೀವಕೋಶ ಎರಡಾಗುವಾಗ ವರ್ಣತಂತುವಿನ ಎರಡು ಪ್ರತಿಗಳು ಬೇಗ ಬೇರ್ಪಡದಂತೆ ಒಂದು ಪ್ರೋಟೀನು ಕಾಯುತ್ತದೆ. ಸರಿಯಾದ ಗಳಿಗೆಗೆ ಕೋಶ ಆ ಕಾವಲಿನ ಪ್ರೋಟೀನನ್ನು ಒಡೆದು ಹಾಕಬೇಕು. ಹೊತ್ತು ತಪ್ಪಿದರೆ ಒಂದು ಕೋಶಕ್ಕೆ ವರ್ಣತಂತು ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಕ್ಯಾನ್ಸರಿಗೆ ಇಂಥ ಏರುಪೇರೂ ದಾರಿ ಮಾಡಿಕೊಡುತ್ತದೆ. ಅವರ ರಿಪೋರ್ಟಿನಲ್ಲೂ ಅದಿತ್ತು. ಅಂಥ ಕೋಶಗಳಲ್ಲಿ ಕೆಟ್ಟ ಪ್ರೋಟೀನು ರಾಶಿ ಬೀಳುತ್ತಿರುತ್ತದೆ. ಕಾವಲಿನ ಪ್ರೋಟೀನನ್ನೂ ಈ ಕೆಟ್ಟದ್ದನ್ನೂ ಒಡೆಯುವುದು ಕೋಶದೊಳಗಿನ ಒಂದೇ ಯಂತ್ರ; ಇಂಜೆಕ್ಷನ್ ಅದನ್ನೇ ನಿಲ್ಲಿಸುತ್ತದೆ, ರಾಶಿಯಡಿ ಕೋಶ ಸಾಯುತ್ತದೆ.

"ಅಂದ್ರ ಕಸ ಚೆಲ್ಲೂ ದಾರಿ ಬಂದ್. ಸಾಯ್ಲಿ ಮಕ್ಕಳು," ಎಂದು ನಕ್ಕರು.

ಮೂರನೆಯ ತಿಂಗಳು ಅಂಗಡಿಯಿಂದ ಬೇಗ ಬಂದರು. "ಬೆರಳು ಜುಮ್ಮಂತಾವ. ಸ್ಕ್ರೂ ಹಿಡದದ್ದ ತಿಳೀವಲ್ದು."

ಈ ಔಷಧ ನರಗಳನ್ನೂ ಕೆಡಿಸುತ್ತದೆಂದು ನನಗೆ ಗೊತ್ತಿತ್ತು. ಹೇಳಿದರೆ ಡೋಸ್ ಇಳಿಸುತ್ತಾರೆ, ನಿಲ್ಲಿಸಲೂಬಹುದು. ರಿಪೋರ್ಟು ಆಗಷ್ಟೇ ಸುಧಾರಿಸತೊಡಗಿತ್ತು.

"ಡಾಕ್ಟರ್ ಮುಂದ ಸದ್ಯ ಹೇಳಬ್ಯಾಡ್ರಿ. ಇದೊಂದು ಸುತ್ತು ಮುಗೀಲಿ."

ಅವರು ಎದುರಾಡಲಿಲ್ಲ. "ಕೈಕಾಲು ಜೋಮು ಹಿಡೀತಾವೇನ್ರಿ?" ಎಂದು ಡಾಕ್ಟರು ಕೇಳಿದಾಗಲೆಲ್ಲ ನನ್ನ ಮುಖ ನೋಡಿ "ಇಲ್ರಿ" ಅನ್ನುತ್ತಿದ್ದರು. ಬೆಳಿಗ್ಗೆ ಅಂಗಿಯ ಗುಂಡಿ ನಾನು ಹಾಕತೊಡಗಿದೆ. ಅವರ ಬೆರಳೋ, ಜೀವವೋ? ಎತ್ತ ತಿರುಗಿದರೂ ಗೋಡೆ. ಸುತ್ತು ಮುಗಿಯಿತು, ಆಗಲೂ ನಾನು ಬಾಯಿ ಬಿಡಲಿಲ್ಲ.

ಒಂದು ಮುಂಜಾನೆ ಅವರು ಕುದಿಯುವ ಹಾಲಿನ ಪಾತ್ರೆಯನ್ನು ಇಕ್ಕಳವಿಲ್ಲದೆ ಎತ್ತಿಕೊಂಡು ಪಡಸಾಲೆಗೆ ಬಂದರು. ನಾನು ಕಿರುಚಿದ ಮೇಲೇ ಅವರಿಗೆ ಗೊತ್ತಾದದ್ದು.

ಬೊಬ್ಬೆಗಳನ್ನು ನೋಡಿ ಡಾಕ್ಟರು ಕೇಳಿದರು, "ಯಾವಾಗಿಂದ ಹಿಂಗ?"

ನಾನು ಉತ್ತರಿಸುವ ಮೊದಲೇ ಯಜಮಾನರೆಂದರು, "ನಾನ ಮುಚ್ಚಿಟ್ಟಿದ್ದೆರಿ. ಇಕಿಗೇನೂ ಗೊತ್ತಿಲ್ಲ."

ನಾನು ಅವರ ಅಂಗಿಯ ತೋಳು ಮೇಲಕ್ಕೆ ಮಡಚಿದೆ.

ಇಂಜೆಕ್ಷನ್ ವಾರಕ್ಕೊಂದಾಯಿತು, ಡೋಸೂ ಇಳಿಯಿತು. ರೋಗ ಈವರೆಗೆ ಹತೋಟಿಯಲ್ಲಿದೆ. ಬೆರಳುಗಳಿಗೆ ಸ್ಪರ್ಶ ಮರಳಲಿಲ್ಲ, ಅಂಗಡಿ ಮುಚ್ಚಿದೆವು. ಈಗ ಡಾಕ್ಟರು ಕೇಳಿದ್ದಕ್ಕೆಲ್ಲ ನಾನೇ ಒಂದೂ ಬಿಡದೆ ಉತ್ತರಿಸುತ್ತೇನೆ. ಆದರೆ ಯಜಮಾನರ ಬಾಯಿಂದ ಆ "ಇಲ್ರಿ" ಎಂಬ ಸುಳ್ಳು ಹೇಳಿಸಿದವಳು ನಾನು ಎಂಬುದನ್ನು ಡಾಕ್ಟರಿಗೆ ಇನ್ನೂ ಹೇಳಿಲ್ಲ.