ಲೂರ್ದಮ್ಮನ ನಾಲಿಗೆಯ ಉಪವಾಸ

ಕೆ.ಆರ್.ಎಸ್. ಬಸ್ ನಿಲ್ದಾಣದ ಮುಂದಿನ ಸಿದ್ದರಾಜು ಹೋಟೆಲಿನಲ್ಲಿ ಅಡುಗೆಮನೆ ಲೂರ್ದಮ್ಮನ ರಾಜ್ಯ. ಸಾಂಬಾರಿಗೆ ಎಷ್ಟು ಖಾರ ಬೇಕೆಂದು ಅವಳ ಕೈಗೆ ಗೊತ್ತಿತ್ತು, ಮಾತಿಗೆ ಎಷ್ಟೆಂದು ನಾಲಿಗೆಗೆ ಗೊತ್ತಿರಲಿಲ್ಲ. ಅವಳು ಬೈಯಲು ನಿಂತರೆ ಮೈಸೂರು ಬಸ್ಸಿನಿಂದ ಇಳಿದವರೂ ತಿರುಗಿ ನೋಡುತ್ತಿದ್ದರು. ಭಾನುವಾರ ಪಾಲಹಳ್ಳಿಯ ಚರ್ಚಿನಲ್ಲಿ ಕೈಮುಗಿದು ಕೂರುವ ಹೆಂಗಸು ಇವಳೇ ಎಂದರೆ ಅಲ್ಲಿನ ಪಾದ್ರಿ ಸ್ವಾಮಿಗಳು ನಂಬುತ್ತಿರಲಿಲ್ಲ. ಒಂದು ದಿನ ಕಾಫಿ ಕುಡಿಯಲು ಹೋಟೆಲಿಗೆ ಬಂದು ಕಿವಿಯಾರೆ ಕೇಳಿಸಿಕೊಂಡರು.

ತೊಂಬತ್ತೈದನೇ ಇಸವಿಯಲ್ಲಿ, ಈಸ್ಟರಿಗೆ ಮುಂಚಿನ ನಲವತ್ತು ದಿನದ ಉಪವಾಸದ ತಪಸ್ಸುಕಾಲ ಶುರುವಾದಾಗ ಅವರು ಅವಳನ್ನು ಕರೆಸಿದರು.

"ಈ ಸಲ ಮಾಂಸ ಬಿಟ್ಟರೆ ಸಾಲದು ಲೂರ್ದಮ್ಮ. ಈಸ್ಟರ್ ತನಕ ಬೈಗುಳ ಬಿಡಬೇಕು. ಜೊತೇಲಿ ದುಡಿಯೋರಿಗೆ ದಿನಾ ಒಂದು ಒಳ್ಳೆ ಮಾತು ಹೇಳಬೇಕು. ಸುಳ್ಳು ಹೇಳಬಾರದು."

ಕೊನೆಯ ಷರತ್ತೇ ಅವಳ ಕುತ್ತಿಗೆಗೆ ಬಂತು. ಯಾಕೆಂದರೆ ಅಡುಗೆಮನೆಯಲ್ಲಿ ಕುಳ್ಳಯ್ಯನಿದ್ದ. ನಾಗಮಂಗಲ ಕಡೆಯಿಂದ ಹೊಸದಾಗಿ ಬಂದ ಈ ದೋಸೆಯವನು ಹುಯ್ದ ದೋಸೆ ಅರ್ಧ ಹಸಿ, ಅರ್ಧ ಇದ್ದಿಲು. ಯುಗಾದಿಯೊಳಗೆ ಕಲಿಯದಿದ್ದರೆ ಕಳಿಸಿಬಿಡುತ್ತೇನೆಂದು ಯಜಮಾನ ಸಿದ್ದರಾಜು ಹೇಳಿಯಾಗಿತ್ತು. "ಇಲ್ಲೂ ಓಡಿಸ್ಬುಟ್ರೆ ಮಾವನ ಮನೇಲಿ ಎಮ್ಮೆ ಮೇಯಿಸ್ಕಂಡಿರ್ಬೇಕು" ಎಂದು ಅವನು ಪಾತ್ರೆ ತೊಳೆಯುವ ಪ್ರಮೀಳಾಳ ಹತ್ತಿರ ಅಳುಮೋರೆ ಮಾಡಿಕೊಂಡಿದ್ದ.

ಮೊದಲ ದಿನ ಲೂರ್ದಮ್ಮ ಪ್ರಮೀಳಾಳಿಂದ ಶುರುಮಾಡಿದಳು. "ಲೋಟ ಪಳಪಳ ಅಂತಾವೆ ಕಣವ್ವ."

ಪ್ರಮೀಳಾ ಲೋಟ ಕೈಬಿಟ್ಟು ಅವಳ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ವಲ್ಲಕ್ಕ."

"ನಿಮ್ಮದು ಒಳ್ಳೆ ಮನಸ್ಸು ಕಣಣ್ಣ" ಎಂದು ಅವಳಿಂದ ಹೇಳಿಸಿಕೊಂಡ ಸಿದ್ದರಾಜು, ಇವಳು ಎದುರಿನ ಹೋಟೆಲಿಗೆ ಹೊರಟಿದ್ದಾಳೆಂದು ಹೆದರಿ ಸಂಜೆಯೊಳಗೆ ಅಡುಗೆಮನೆಗೆ ಫ್ಯಾನು ಹಾಕಿಸಿದ.

ಕುಳ್ಳಯ್ಯನ ಸರದಿ ಬಂದಾಗ ಲೂರ್ದಮ್ಮ ದೋಸೆಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ದುಂಡಗಿದೆ ಎನ್ನುವಂತಿಲ್ಲ, ಬೆಂದಿದೆ ಎನ್ನುವಂತಿಲ್ಲ. "ತಟ್ಟೆ ಒಳಗೇ ಐತೆ ಕಣಪ್ಪ" ಎಂದಳು ಕಡೆಗೆ. ಕೆಲಸ ಹೋಯಿತೆಂದುಕೊಂಡ ಕುಳ್ಳಯ್ಯ ಟವಲು ಮಡಿಚತೊಡಗಿದ. ಅವನನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಯಿತು.

ಆಮೇಲೆ ದಿನವೂ ಅವನಲ್ಲಿ ಒಂದು ಒಳ್ಳೆಯದನ್ನು ಹುಡುಕುವುದೇ ಅವಳಿಗೊಂದು ಕೆಲಸವಾಯಿತು. ಹಾಗೆ ಹುಡುಕುತ್ತಿದ್ದ ಒಂದು ಬೆಳಿಗ್ಗೆ ರವೆ ತರಲು ಉಗ್ರಾಣಕ್ಕೆ ಹೋಗಿ ಬಂದಳು. ತಟ್ಟೆಯಲ್ಲಿ ಹೊಂಬಣ್ಣದ ದೋಸೆ ಕೂತಿತ್ತು.

"ಯಾರಪ್ಪ ಹುಯ್ದಿದ್ದು?"

"ನಾನೇ ಕಣಕ್ಕ."

ಅವಳು ಅಲ್ಲೇ ನಿಂತಳು. ಮುಂದಿನದು ಸೀದುಹೋಯಿತು. ಕುಳ್ಳಯ್ಯನ ಕಣ್ಣು ಹೆಂಚಿನ ಮೇಲಿರಲಿಲ್ಲ, ಅವಳ ಬಾಯಿಯ ಮೇಲಿತ್ತು. ಸೌಟು ಹಿಡಿದ ಕೈ ಗಡಗಡ ನಡುಗುತ್ತಿತ್ತು. ದೋಸೆ ಸೀಯಿಸುತ್ತಿರುವುದು ತಾನೇ ಎಂದು ಲೂರ್ದಮ್ಮನಿಗೆ ಆಗ ಗೊತ್ತಾಯಿತು. "ಯೇಸಪ್ಪ, ಇಷ್ಟು ದಿನ ನಂಗ್ಯಾಕೆ ತೋರಿಸ್ಲಿಲ್ಲ" ಎಂದು ಫ್ಯಾನಿನ ಸದ್ದಿನಲ್ಲಿ ಗೊಣಗಿಕೊಂಡಳು.

ಯುಗಾದಿಯ ದಿನ ಅಣೆಕಟ್ಟೆಯ ಉದ್ಯಾನ ನೋಡಲು ಬಂದ ಜನ ಹೋಟೆಲಿಗೆ ನುಗ್ಗಿದರು. ಕುಳ್ಳಯ್ಯನನ್ನು ಪರೀಕ್ಷಿಸಲು ಸಿದ್ದರಾಜು ಸೊಂಟದ ಮೇಲೆ ಕೈಯಿಟ್ಟು ಒಲೆಯ ಪಕ್ಕವೇ ನಿಂತ. ಸೌಟು ಮತ್ತೆ ನಡುಗಿತು. ಲೂರ್ದಮ್ಮ ಸೆರಗು ಸಿಕ್ಕಿಸಿ ಸಾಂಬಾರಿನ ಬಕೀಟು ಎತ್ತಿಕೊಂಡಳು, ಚಟ್ನಿಯ ಪಾತ್ರೆಯನ್ನು ಯಜಮಾನನ ಕೈಗೇ ತುರುಕಿದಳು.

"ಬನ್ನಿ ಅಣ್ಣ ಈಚೆಗೆ. ಇವತ್ತು ನಾವೇ ಬಡಿಸಾನ."

ಹೋಗುವಾಗ ಕುಳ್ಳಯ್ಯನಿಗೆ ಮೆಲ್ಲಗೆ ಹೇಳಿದಳು. "ನಿನ್ನ ಕೈ ಚೆನ್ನಾಗೈತೆ ಕಣಪ್ಪ, ನಾನೇ ನೋಡಿವ್ನಿ. ಹೆಂಚು ನೋಡ್ಕಂಡು ಹುಯ್ಯಿ. ನಾನು ಒಳೀಕೆ ಬರಾಕಿಲ್ಲ."

ಮಧ್ಯಾಹ್ನದವರೆಗೂ ಅವಳು ಒಳಗೆ ಕಾಲಿಡಲಿಲ್ಲ. ಒಳಗಿನಿಂದ ಹೊಂಬಣ್ಣದ ದೋಸೆಗಳು ಬರುತ್ತಲೇ ಇದ್ದವು. ದೋಸೆಯವನು ಯಾರೆಂದು ಗಿರಾಕಿಯೊಬ್ಬರು ಕೇಳಿದಾಗ, ಅಂಗಿಯೆಲ್ಲ ಚಟ್ನಿಯಾಗಿದ್ದ ಸಿದ್ದರಾಜು, "ನಮ್ಮ ಕುಳ್ಳಯ್ಯ, ಇಲ್ಲೇ ಇರ್ತಾನೆ" ಎಂದ.

ಈಸ್ಟರಿನ ಮಾರನೆಯ ದಿನ ಲೂರ್ದಮ್ಮ ಒಳಗೆ ಬಂದಾಗ ಎಲ್ಲರೂ ಅವಳ ಬಾಯನ್ನೇ ನೋಡಿದರು. ಆ ನೋಡುವ ಭರದಲ್ಲಿ ಕುಳ್ಳಯ್ಯನ ದೋಸೆಯೊಂದು ಸೀದಿತು. ಲೂರ್ದಮ್ಮ ಅದನ್ನು ಎತ್ತಿಕೊಂಡಳು.

"ಅಂಚು ಗರಿಗರಿಯಾಗೈತೆ," ಎಂದಳು. ತಡೆಯಲಾಗಲಿಲ್ಲ. "ನಡೂಮಧ್ಯ ಇದ್ಲಾಗೈತೆ ಕಣ್ಲಾ ಮುಂಡೇದೆ. ಇನ್ನೊಂದು ಹುಯ್ಯಿ."

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಅವನ ಕೈಯನ್ನೇ ನೋಡಿದಳು.

ಕುಳ್ಳಯ್ಯ ನಕ್ಕ. "ಆಯ್ತು ಕಣಕ್ಕ" ಎಂದು ಹೆಂಚಿನ ಮೇಲೆ ಹಿಟ್ಟು ಹುಯ್ದ. ಸೌಟು ನಡುಗಲಿಲ್ಲ.